ಮೊದಲ ಉಸಿರಿಗೆ ಕಾವಲಿದ್ದ ಡಾ. ವರ್ಜೀನಿಯಾ ಅಪ್ಗಾರ್

ಹೆರಿಗೆ ಆಸ್ಪತ್ರೆಯಿಂದ ಬಾಣಂತಿಯನ್ನು ಮನೆಗೆ ಕಳುಹಿಸುವಾಗ ಕೊಡುವ ಬಿಡುಗಡೆ ಪತ್ರದಲ್ಲಿ ಮಗುವಿನ ತೂಕ, ಜನನದ ಸಮಯಗಳ ಬಳಿಯಲ್ಲೇ ಇನ್ನೊಂದು ಪುಟ್ಟ ನಮೂದು ಸಾಮಾನ್ಯವಾಗಿ ಇರುತ್ತದೆ. ‘ಅಪ್ಗಾರ್’ ಎಂಬ ಪದ. ಅದರ ಮುಂದೆ 8, 9 ಎಂಬಂತಹ ಎರಡು ಅಂಕಿಗಳು. ಜಾತಕ ಬರೆಸುವ ಆತುರದಲ್ಲಿ ಜನನದ ಗಳಿಗೆಯನ್ನು ಹುಡುಕುವ ಬಂಧುಗಳ ಕಣ್ಣು ಆ ಅಂಕಿಗಳ ಮೇಲೆ ನಿಲ್ಲುವುದು ಅಪರೂಪ.

ಮಗು ಹುಟ್ಟಿ ಒಂದು ನಿಮಿಷವಾದಾಗ ಹಾಗೂ ಐದು ನಿಮಿಷವಾದಾಗ ಅದರ ಸ್ಥಿತಿ ಹೇಗಿತ್ತೆಂಬುದರ ದಾಖಲೆ ಅದು. ಅಪ್ಗಾರ್ ಎಂಬುದು ಐದು ಇಂಗ್ಲಿಷ್ ಪದಗಳ ಮೊದಲಕ್ಷರಗಳಿಂದ ಹುಟ್ಟಿದ ಸಂಕ್ಷಿಪ್ತ ರೂಪವೆಂದು ಭಾವಿಸಿದವರೂ ಉಂಟು. ವಾಸ್ತವದಲ್ಲಿ ಅದು ಅಮೆರಿಕದ ವೈದ್ಯೆಯೊಬ್ಬರ ಮನೆತನದ ಹೆಸರು. ಜಗತ್ತಿನ ಹೆರಿಗೆ ಕೊಠಡಿಗಳಲ್ಲಿ ದಿನವೂ ಉಚ್ಚರಿಸಲ್ಪಡುವ ಈ ಹೆಸರಿನ ಒಡತಿ ಪ್ರಸೂತಿ ತಜ್ಞೆಯೂ ಅಲ್ಲ, ಮಕ್ಕಳ ತಜ್ಞೆಯಾಗಿ ತರಬೇತಿ ಪಡೆದವರೂ ಅಲ್ಲ. ಅವರು ಅರಿವಳಿಕೆ ತಜ್ಞೆ.

ರೇಡಿಯೋ, ಪಿಟೀಲು ಮತ್ತು ಕಾಯಿಲೆ

ವರ್ಜೀನಿಯಾ ಅಪ್ಗಾರ್ ಹುಟ್ಟಿದ್ದು 1909ರ ಜೂನ್ 7ರಂದು, ನ್ಯೂಜೆರ್ಸಿ ರಾಜ್ಯದ ವೆಸ್ಟ್‌ಫೀಲ್ಡ್ ಪಟ್ಟಣದಲ್ಲಿ. ತಂದೆ ಚಾರ್ಲ್ಸ್ ಎಮೊರಿ ಅಪ್ಗಾರ್ ವೃತ್ತಿಯಿಂದ ವ್ಯವಹಾರಸ್ಥರು, ಪ್ರವೃತ್ತಿಯಿಂದ ರೇಡಿಯೋ ಸಂಶೋಧಕರು. ಮೊದಲ ಮಹಾಯುದ್ಧದ ಕಾಲದಲ್ಲಿ, 1915ರಲ್ಲಿ, ಲಾಂಗ್ ಐಲ್ಯಾಂಡಿನ ಸೇವಿಲ್‌ನಲ್ಲಿದ್ದ ಜರ್ಮನ್ ನಿಸ್ತಂತು ಕೇಂದ್ರದ ಸಂದೇಶಗಳನ್ನು ಮನೆಯಲ್ಲೇ ಮೇಣದ ಉರುಳೆಗಳ ಮೇಲೆ ಮುದ್ರಿಸಿಕೊಂಡು ಸರಕಾರಕ್ಕೆ ಒಪ್ಪಿಸಿ ಹೆಸರಾದವರು. ಮನೆಯಲ್ಲಿ ಎಲ್ಲರಿಗೂ ಸಂಗೀತದ ಹುಚ್ಚು. ವರ್ಜೀನಿಯಾ ಬಾಲ್ಯದಲ್ಲೇ ಪಿಟೀಲು ಹಿಡಿದರು.

ಆ ಮನೆಯಲ್ಲಿ ಕಾಯಿಲೆಯೂ ಇತ್ತು. ಒಬ್ಬ ಅಣ್ಣ ಕ್ಷಯರೋಗದಿಂದ ಎಳವೆಯಲ್ಲೇ ತೀರಿಕೊಂಡ. ಇನ್ನೊಬ್ಬ ದೀರ್ಘಕಾಲದ ರೋಗಿ. ವೈದ್ಯೆಯಾಗಬೇಕೆಂಬ ನಿರ್ಧಾರವನ್ನು ಅವರು ಶಾಲಾ ದಿನಗಳಲ್ಲೇ ಮಾಡಿದ್ದರು.

1925ರಲ್ಲಿ ಮೌಂಟ್ ಹೋಲಿಯೋಕ್ ಮಹಿಳಾ ಕಾಲೇಜು ಸೇರಿ ಪ್ರಾಣಿಶಾಸ್ತ್ರ ಓದಿದರು. ಖರ್ಚಿಗಾಗಿ ಹಲವು ಕೆಲಸಗಳನ್ನು ಮಾಡಿದರು. ಶರೀರಶಾಸ್ತ್ರ ಪ್ರಯೋಗಾಲಯಕ್ಕೆ ಬೀದಿ ಬೆಕ್ಕುಗಳನ್ನು ಹಿಡಿದು ಕೊಡುವುದೂ ಅವುಗಳಲ್ಲೊಂದು. 1929ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿಗೆ ಕಾಲಿಟ್ಟ ಕೆಲವೇ ವಾರಗಳಲ್ಲಿ ಅಮೆರಿಕದ ಷೇರುಪೇಟೆ ಕುಸಿಯಿತು. 1933ರಲ್ಲಿ ತರಗತಿಯಲ್ಲಿ ನಾಲ್ಕನೆಯವರಾಗಿ ತೇರ್ಗಡೆಯಾದಾಗ ಕೈಯಲ್ಲಿ ಪದವಿಯಿತ್ತು, ತಲೆಯ ಮೇಲೆ ಸುಮಾರು 4,000 ಡಾಲರ್ ಸಾಲವಿತ್ತು.

ಮುಚ್ಚಿದ ಬಾಗಿಲು, ತೆರೆದ ಬಾಗಿಲು

ಅವರ ಆಸೆ ಶಸ್ತ್ರಚಿಕಿತ್ಸಕಿಯಾಗುವುದು. ಆದರೆ ವಿಭಾಗದ ಮುಖ್ಯಸ್ಥ ಅಲೆನ್ ವಿಪ್ಪಲ್ ಬೇರೆಯೇ ಸಲಹೆ ನೀಡಿದರು. ತಮ್ಮ ಬಳಿ ತರಬೇತಿ ಪಡೆದ ಮಹಿಳಾ ಶಸ್ತ್ರಚಿಕಿತ್ಸಕರು ವೃತ್ತಿಯಲ್ಲಿ ನೆಲೆ ಕಾಣದೆ ಕಷ್ಟಪಟ್ಟದ್ದನ್ನು ಅವರು ನೋಡಿದ್ದರು. ಅರಿವಳಿಕೆ ಶಾಸ್ತ್ರ ಬೆಳೆಯದೆ ಶಸ್ತ್ರಚಿಕಿತ್ಸೆ ಬೆಳೆಯದೆಂಬುದೂ ಅವರಿಗೆ ತಿಳಿದಿತ್ತು. ಅಂದಿನ ಅಮೆರಿಕದಲ್ಲಿ ಅರಿವಳಿಕೆ ಬಹುಮಟ್ಟಿಗೆ ದಾದಿಯರ ಕೆಲಸವಾಗಿತ್ತು. ಅದಕ್ಕೆ ಸ್ವತಂತ್ರ ವೈದ್ಯ ಶಾಖೆಯ ಮಾನ್ಯತೆ ಇನ್ನೂ ಗಟ್ಟಿಯಾಗಿರಲಿಲ್ಲ.

ವರ್ಜೀನಿಯಾ ಮರುಮಾತಾಡದೆ ಒಪ್ಪಿದರು. 1937ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ರಾಲ್ಫ್ ವಾಟರ್ಸ್ ಅವರ ಬಳಿ, ಅನಂತರ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯಲ್ಲಿ ಅರ್ನೆಸ್ಟ್ ರೋವೆನ್‌ಸ್ಟೈನ್ ಅವರ ಬಳಿ ತರಬೇತಿ ಪಡೆದರು. 1938ರಲ್ಲಿ ಕೊಲಂಬಿಯಾಕ್ಕೆ ಮರಳಿ ಅರಿವಳಿಕೆ ವಿಭಾಗದ ಮುಖ್ಯಸ್ಥೆಯಾದರು. ಅಲ್ಲಿ ವಿಭಾಗವೊಂದನ್ನು ಮುನ್ನಡೆಸಿದ ಮೊದಲ ಮಹಿಳೆ ಅವರೇ.

ಹನ್ನೊಂದು ವರ್ಷ ದುಡಿದು ವಿಭಾಗವನ್ನು ಕಟ್ಟಿದರು. 1949ರಲ್ಲಿ ಅದು ಪೂರ್ಣ ಪ್ರಮಾಣದ ಇಲಾಖೆಯಾದಾಗ ಮುಖ್ಯಸ್ಥನ ಕುರ್ಚಿ ಎಮಾನ್ಯುಯೆಲ್ ಪ್ಯಾಪರ್ ಎಂಬವರ ಪಾಲಾಯಿತು. ಅದೇ ವರ್ಷ ವರ್ಜೀನಿಯಾ ಅವರಿಗೆ ಪೂರ್ಣ ಪ್ರಾಧ್ಯಾಪಕಿಯ ಹುದ್ದೆ ದೊರೆಯಿತು. ಆ ವೈದ್ಯಕೀಯ ಕಾಲೇಜಿನಲ್ಲಿ ಅಂಥ ಹುದ್ದೆಗೇರಿದ ಮೊದಲ ಮಹಿಳೆ ಎಂಬ ಗೌರವ ಅವರದಾದರೂ ಕಟ್ಟಿದ ಮನೆಯ ಯಜಮಾನಿಕೆ ಕೈತಪ್ಪಿತ್ತು. ಆಡಳಿತದ ಹೊರೆ ಇಳಿಸಿಕೊಂಡ ಅವರು ಅದೇ ಆವರಣದ ಸ್ಲೋನ್ ಮಹಿಳಾ ಆಸ್ಪತ್ರೆಯ ಹೆರಿಗೆ ಕೊಠಡಿಯತ್ತ ನಡೆದರು. ಅಲ್ಲಿ ಅವರ ಕಣ್ಣಿಗೆ ಬಿದ್ದದ್ದು, ತಾಯಿಯ ಗರ್ಭದಿಂದ ಹೊರಬಂದು ಇನ್ನೂ ಉಸಿರಾಡದ ಶಿಶುಗಳು.

ದ್ರವ ತುಂಬಿದ ಶ್ವಾಸಕೋಶ

ಹುಟ್ಟುವ ಗಳಿಗೆಯಲ್ಲಿ ಶಿಶುವಿನ ದೇಹ ಮಾಡಬೇಕಾದ ಕೆಲಸ ಎಷ್ಟು ದೊಡ್ಡದೆಂಬುದನ್ನು ಅರಿಯದೆ ವರ್ಜೀನಿಯಾ ಅವರ ಸಾಧನೆಯ ಮಹತ್ವ ತಿಳಿಯದು. ಅದರ ಬಹುಭಾಗ ವೈದ್ಯಲೋಕಕ್ಕೆ ಸ್ಪಷ್ಟವಾದದ್ದು ಕಳೆದ ಶತಮಾನದ ಉತ್ತರಾರ್ಧದಲ್ಲಿ.

ಗರ್ಭ ಕಟ್ಟಿದ ನಾಲ್ಕನೆಯ ವಾರದಲ್ಲಿ, ಮುಂದೆ ಅನ್ನನಾಳವಾಗಲಿರುವ ಕೊಳವೆಯಿಂದ ಪುಟ್ಟದೊಂದು ಮೊಗ್ಗು ಚಿಗುರುತ್ತದೆ. ಶ್ವಾಸಕೋಶದ ಆರಂಭ ಅದೇ. ಮೊಗ್ಗು ಎರಡಾಗಿ, ಎರಡು ಹಲವಾಗಿ, ಮರ ಕೊಂಬೆ ಬಿಡುವಂತೆ ಕವಲೊಡೆಯುತ್ತದೆ. ಸುಮಾರು 16-17 ವಾರಗಳ ಹೊತ್ತಿಗೆ ಗಾಳಿಯ ಹಾದಿಗಳ ಕವಲುಗಳು ಬಹುತೇಕ ಪೂರ್ಣಗೊಳ್ಳುತ್ತವೆ. ಬಳಿಕ ಸೂಕ್ಷ್ಮ ರಕ್ತನಾಳಗಳು ಈ ಹಾದಿಗಳ ಅಂಚಿಗೆ ಬಂದು ಹೆಣೆದುಕೊಳ್ಳುತ್ತವೆ. 24ನೆಯ ವಾರದ ಆಸುಪಾಸಿನಲ್ಲಿ ಕೆಲವು ಜೀವಕೋಶಗಳು ಸರ್ಫ್ಯಾಕ್ಟೆಂಟ್ ಎಂಬ ಜಿಡ್ಡಿನಂಥ ವಸ್ತುವನ್ನು ತಯಾರಿಸತೊಡಗುತ್ತವೆ. ಅದು ಸಾಕಷ್ಟು ಸಂಗ್ರಹವಾಗಲು ಸುಮಾರು 35 ವಾರಗಳಾಗಬೇಕು. ನಿಜವಾದ ಗಾಳಿಗೂಡುಗಳು ರೂಪುಗೊಳ್ಳುವುದು ಬಸಿರಿನ ಕೊನೆಯ ವಾರಗಳಲ್ಲಿ.

ಗರ್ಭದಲ್ಲಿ ಶ್ವಾಸಕೋಶ ಖಾಲಿ ಇರುವುದಿಲ್ಲ. ತಾನೇ ಸ್ರವಿಸಿದ ದ್ರವದಿಂದ ತುಂಬಿರುತ್ತದೆ. ಆಮ್ಲಜನಕ ಬರುವುದು ತಾಯಿಯ ರಕ್ತದಿಂದ, ಮಾಸು ಮತ್ತು ಹೊಕ್ಕುಳಬಳ್ಳಿಯ ಮೂಲಕ. ಹೀಗಿದ್ದೂ ಭ್ರೂಣ ಸುಮ್ಮನಿರುವುದಿಲ್ಲ. ಮೂರನೆಯ ತಿಂಗಳ ಸುಮಾರಿಗೆ ಎದೆ ಮತ್ತು ವಪೆಯನ್ನು ಅಲುಗಾಡಿಸಿ ಉಸಿರಾಟದ ತಾಲೀಮು ನಡೆಸತೊಡಗುತ್ತದೆ. ಗಾಳಿಯೇ ಇಲ್ಲದ ಈ ಉಸಿರಾಟ ವ್ಯರ್ಥವಲ್ಲ. ಒಳಗಿನ ದ್ರವ ಹಾಗೂ ಈ ಚಲನೆಗಳ ಒತ್ತಡವಿಲ್ಲದಿದ್ದರೆ ಶ್ವಾಸಕೋಶ ತಕ್ಕಷ್ಟು ಬೆಳೆಯದು.

ಹೆರಿಗೆ ನೋವು ಆರಂಭವಾಗುತ್ತಿದ್ದಂತೆ ದ್ರವ ಸ್ರವಿಸುವುದು ನಿಂತು ಹೀರಿಕೊಳ್ಳುವುದು ಶುರುವಾಗುತ್ತದೆ. ಹೊರಗಿನ ತಂಪು, ಸ್ಪರ್ಶ, ರಕ್ತದಲ್ಲಿ ಏರುವ ಇಂಗಾಲದ ಡೈ ಆಕ್ಸೈಡ್ ಎಲ್ಲವೂ ಸೇರಿ ಮಿದುಳಿನ ಉಸಿರಾಟ ಕೇಂದ್ರವನ್ನು ಬಡಿದೆಬ್ಬಿಸುತ್ತವೆ. ಮೊದಲ ಕೆಲವು ಉಸಿರುಗಳು ಉಳಿದ ದ್ರವವನ್ನು ಆಚೆ ತಳ್ಳಿ ಗಾಳಿಗೆ ಜಾಗ ಮಾಡಿಕೊಡುತ್ತವೆ. ಗರ್ಭದಲ್ಲಿ ಹೆಚ್ಚುಕಡಿಮೆ ಮುಚ್ಚಿಕೊಂಡಿದ್ದ ಶ್ವಾಸಕೋಶದ ರಕ್ತನಾಳಗಳು ತೆರೆದುಕೊಳ್ಳುತ್ತವೆ. ಹೃದಯದ ಎರಡು ಮೇಲ್ಕೋಣೆಗಳ ನಡುವಿನ ಕಿಂಡಿ ಮುಚ್ಚಿ ರಕ್ತದ ಹರಿವೇ ದಿಕ್ಕು ಬದಲಿಸುತ್ತದೆ. ಸರ್ಫ್ಯಾಕ್ಟೆಂಟ್ ಇದ್ದರೆ ಉಸಿರು ಬಿಟ್ಟಾಗ ಪುಟ್ಟ ಗೂಡುಗಳು ಅಂಟಿಕೊಳ್ಳದೆ ತೆರೆದೇ ಉಳಿಯುತ್ತವೆ. ಇವೆಲ್ಲ ಆರಂಭವಾಗಿ ನೆಲೆ ಕಾಣುವುದು ಕೆಲವೇ ನಿಮಿಷಗಳಲ್ಲಿ.

ಆ ಬಳಿಕವೂ ಶ್ವಾಸಕೋಶದ ಬೆಳವಣಿಗೆ ನಿಲ್ಲದು. ನವಜಾತ ಶಿಶು ನಿಮಿಷಕ್ಕೆ 40ರಿಂದ 60 ಬಾರಿ ಉಸಿರಾಡುತ್ತದೆ; ನಡುವೆ ಕೆಲವು ಸೆಕೆಂಡು ತಡೆದು ಮತ್ತೆ ಆರಂಭಿಸುವುದೂ ಸಹಜ. ಹುಟ್ಟಿದಾಗ ಕೆಲವು ಕೋಟಿಯಷ್ಟಿರುವ ಗಾಳಿಗೂಡುಗಳು ಮೊದಲ ಎರಡು-ಮೂರು ವರ್ಷಗಳಲ್ಲಿ ವೇಗವಾಗಿ ಹೆಚ್ಚಿ, ಪ್ರಾಯಕ್ಕೆ ಬರುವ ಹೊತ್ತಿಗೆ 30ರಿಂದ 50 ಕೋಟಿಯಷ್ಟಾಗುತ್ತವೆ. ಆದರೆ ಅಲ್ಲಿಗೆ ತಲುಪಬೇಕಾದರೆ ಮೊದಲ ಕೆಲವು ನಿಮಿಷಗಳನ್ನು ದಾಟಬೇಕು.

ಯಾರೂ ನೋಡದ ಕೂಸು

1950ರ ಸುಮಾರಿನ ಅಮೆರಿಕದಲ್ಲಿ ಶಿಶು ಮರಣ ಪ್ರಮಾಣ ಇಳಿಯುತ್ತಿತ್ತು. ಆದರೆ ಹುಟ್ಟಿದ ಮೊದಲ 24 ಗಂಟೆಗಳಲ್ಲಿ ಸಾಯುವ ಶಿಶುಗಳ ಪ್ರಮಾಣ ಇದ್ದಲ್ಲೇ ಇತ್ತು. ಹೆರಿಗೆ ಕೊಠಡಿಯಲ್ಲಿ ಎಲ್ಲರ ಗಮನ ತಾಯಿಯ ಮೇಲೆ. ಅವಳ ರಕ್ತಸ್ರಾವ, ಅವಳ ಹೊಲಿಗೆ, ಅವಳ ಅರಿವಳಿಕೆ. ಮಗುವನ್ನು ಒರೆಸಿ ಪಕ್ಕಕ್ಕಿಡುತ್ತಿದ್ದರು. ಅತ್ತರೆ ಸರಿ. ಅಳದಿದ್ದರೆ ಏನು ಮಾಡಬೇಕು, ಯಾವಾಗ ಮಾಡಬೇಕು, ಯಾರು ಮಾಡಬೇಕು ಎಂಬುದಕ್ಕೆ ಏಕರೂಪದ ಕ್ರಮವಿರಲಿಲ್ಲ. ಮೊದಲ ಉಸಿರಿನ ಸಮಯ, ಮೊದಲ ಅಳುವಿನ ಸಮಯ ಎಂಬ ಲೆಕ್ಕಗಳಿದ್ದರೂ ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಹೊಂದುತ್ತಿರಲಿಲ್ಲ. ನೀಲಿಗಟ್ಟಿದ, ಸೊರಗಿದ ಶಿಶುಗಳಲ್ಲಿ ಕೆಲವು ಯಾವ ಪ್ರಯತ್ನವನ್ನೂ ಕಾಣದೆ ಕೊನೆಯುಸಿರೆಳೆಯುತ್ತಿದ್ದವು.

ಅರಿವಳಿಕೆ ತಜ್ಞೆಯಾದ ವರ್ಜೀನಿಯಾ ಅವರ ಜಾಗ ತಾಯಿಯ ತಲೆಯ ಬಳಿ. ಉಸಿರು, ನಾಡಿ, ಬಣ್ಣ, ಸ್ನಾಯುವಿನ ಬಿಗಿತಗಳನ್ನು ನಿಮಿಷ ನಿಮಿಷಕ್ಕೂ ಗಮನಿಸುವುದೇ ಆ ವೃತ್ತಿಯ ಜೀವಾಳ. ಅದೇ ಕಣ್ಣನ್ನು ಅವರು ಮಗುವಿನತ್ತ ತಿರುಗಿಸಿದರು.

ಐದು ಚಿಹ್ನೆ, ಹತ್ತು ಅಂಕ

1952ರ ಒಂದು ಬೆಳಗ್ಗೆ ಆಸ್ಪತ್ರೆಯ ಉಪಾಹಾರ ಗೃಹದಲ್ಲಿ ವೈದ್ಯ ವಿದ್ಯಾರ್ಥಿಯೊಬ್ಬ ನವಜಾತ ಶಿಶುವಿನ ಸ್ಥಿತಿಯನ್ನು ಅಳೆಯುವುದು ಹೇಗೆಂದು ಕೇಳಿದನಂತೆ. ಕೈಗೆ ಸಿಕ್ಕ ಕಾಗದದ ಚೂರೊಂದರ ಮೇಲೆ ಅವರು ಐದು ಅಂಶಗಳನ್ನು ಗೀಚಿ, ಪರೀಕ್ಷಿಸಲು ಹೆರಿಗೆ ಕೊಠಡಿಗೆ ಧಾವಿಸಿದರೆಂಬ ಕಥೆ ಕೊಲಂಬಿಯಾದಲ್ಲಿ ಇಂದಿಗೂ ಪ್ರಚಲಿತ.

ಹೃದಯ ಬಡಿತ, ಉಸಿರಾಟದ ಯತ್ನ, ಸ್ನಾಯುಗಳ ಬಿಗಿತ, ಕೆಣಕಿದಾಗ ತೋರುವ ಪ್ರತಿಕ್ರಿಯೆ, ಮೈಬಣ್ಣ. ಇವೇ ಆ ಐದು. ಒಂದೊಂದಕ್ಕೂ ಸೊನ್ನೆ, ಒಂದು ಅಥವಾ ಎರಡು ಅಂಕ. ಬಡಿತವೇ ಇಲ್ಲದಿದ್ದರೆ ಸೊನ್ನೆ, ನಿಮಿಷಕ್ಕೆ 100ಕ್ಕಿಂತ ಕಡಿಮೆಯಿದ್ದರೆ ಒಂದು, ಮೇಲಿದ್ದರೆ ಎರಡು. ಉಸಿರೇ ಇಲ್ಲದಿದ್ದರೆ ಸೊನ್ನೆ, ದುರ್ಬಲವಾಗಿದ್ದರೆ ಒಂದು, ಗಟ್ಟಿಯಾಗಿ ಅತ್ತರೆ ಎರಡು. ಹೀಗೆ ಒಟ್ಟು ಹತ್ತು. ಮಗು ಪೂರ್ಣವಾಗಿ ಹೊರಬಂದ 60 ಸೆಕೆಂಡಿಗೆ ಸರಿಯಾಗಿ ಅಂಕ ಕೊಡಬೇಕು. ಯಂತ್ರ ಬೇಡ, ರಕ್ತ ಪರೀಕ್ಷೆ ಬೇಡ; ಕಣ್ಣು, ಕಿವಿ, ಬೆರಳು ಮತ್ತು ಗಡಿಯಾರ ಸಾಕು.

1952ರಲ್ಲಿ ಅರಿವಳಿಕೆ ತಜ್ಞರ ಸಭೆಯಲ್ಲಿ ಮಂಡನೆಯಾದ ಈ ಕ್ರಮ 1953ರಲ್ಲಿ ಪ್ರಕಟವಾಯಿತು. ದಿನ ತುಂಬಿ ಹುಟ್ಟಿದ ಶಿಶುಗಳಲ್ಲಿ 0ರಿಂದ 2 ಅಂಕ ಪಡೆದವುಗಳ ಪೈಕಿ ನೂರಕ್ಕೆ 14 ಸತ್ತಿದ್ದವು. 3ರಿಂದ 7 ಅಂಕದವುಗಳಲ್ಲಿ ಸಾವು ಶೇ 1.1. 8ರಿಂದ 10 ಅಂಕದವುಗಳಲ್ಲಿ ಶೇ 0.13 ಮಾತ್ರ. ಮೈಬಣ್ಣ ಇವುಗಳಲ್ಲೆಲ್ಲ ಅತ್ಯಂತ ಅತೃಪ್ತಿಕರ ಚಿಹ್ನೆಯೆಂದು ಅವರೇ ಆ ಪ್ರಬಂಧದಲ್ಲಿ ಒಪ್ಪಿಕೊಂಡಿದ್ದರು. ಹುಟ್ಟಿದೊಡನೆ ಬಹುತೇಕ ಎಲ್ಲ ಶಿಶುಗಳೂ ನೀಲಿಯಾಗಿಯೇ ಇರುತ್ತವೆ. ಶ್ಯಾಮಲ ವರ್ಣದ ಮಕ್ಕಳಲ್ಲಿ ಈ ಚಿಹ್ನೆ ಇನ್ನಷ್ಟು ತೊಡಕಿನದೆಂಬ ಆಕ್ಷೇಪ ಈಚಿನ ವರ್ಷಗಳಲ್ಲಿ ಬಲವಾಗಿ ಕೇಳಿಬಂದಿದೆ.

ಹೆರಿಗೆ ಮಾಡಿಸಿದವರೇ ಅಂಕ ಕೊಡಬಾರದೆಂಬುದು ವರ್ಜೀನಿಯಾ ಅವರ ಖಚಿತ ನಿಲುವು. ತನ್ನ ಕೈಯಿಂದ ಹೊರತಂದ ಮಗುವಿನ ಬಗ್ಗೆ ಯಾರೂ ನಿರ್ಲಿಪ್ತರಾಗಿರಲಾರರು ಎಂಬುದು ಅವರ ಕಾರಣ. ಈ ಕ್ರಮದ ತಿರುಳು ಇಲ್ಲಿದೆ. ಅಂಕ ಬರೆಯಬೇಕಾದರೆ ಯಾರಾದರೊಬ್ಬರು ಮಗುವಿನ ಬಳಿ ನಿಲ್ಲಲೇಬೇಕು, ಅದನ್ನು ಮುಟ್ಟಲೇಬೇಕು, ಅದರ ಎದೆಗೆ ಕಿವಿಗೊಡಲೇಬೇಕು. ಪಕ್ಕಕ್ಕೆ ಸರಿದಿದ್ದ ಕೂಸಿಗೆ ಅದು ಕಾವಲುಗಾರರನ್ನು ಕೊಟ್ಟಿತು. ಮುಂದೆ ಐದನೆಯ ನಿಮಿಷದ ಅಂಕವೂ ಸೇರಿಕೊಂಡಿತು. ಚಿಕಿತ್ಸೆಗೆ ಮಗು ಹೇಗೆ ಸ್ಪಂದಿಸಿತೆಂಬುದನ್ನು ಎರಡು ಅಂಕಿಗಳ ಅಂತರವೇ ಹೇಳುವಂತಾಯಿತು. ಅವರ ಹೆಸರಿನ ಐದು ಇಂಗ್ಲಿಷ್ ಅಕ್ಷರಗಳಿಗೆ ಐದು ಚಿಹ್ನೆಗಳನ್ನು ಹೊಂದಿಸಿದ ನೆನಪಿನ ಸೂತ್ರವನ್ನು 1960ರ ದಶಕದ ಆರಂಭದಲ್ಲಿ ರೂಪಿಸಿದವರು ಡೆನ್ವರಿನ ವೈದ್ಯ ಜೋಸೆಫ್ ಬಟರ್‌ಫೀಲ್ಡ್.

ಮೆಚ್ಚಿನ ಅನಿಲಕ್ಕೆ ವಿದಾಯ

ಅಂಕ ಕಡಿಮೆ ಬಂದದ್ದೇಕೆ ಎಂಬ ಪ್ರಶ್ನೆ ಅವರನ್ನು ಬಿಡಲಿಲ್ಲ. ಸ್ಟ್ಯಾನ್ಲಿ ಜೇಮ್ಸ್ ಮತ್ತು ಡಂಕನ್ ಹೊಲಡೆ ಎಂಬ ಸಹೋದ್ಯೋಗಿಗಳೊಡನೆ ಶಿಶುಗಳ ರಕ್ತದಲ್ಲಿನ ಆಮ್ಲಜನಕ ಹಾಗೂ ಆಮ್ಲೀಯತೆಯನ್ನು ಅಳೆಯತೊಡಗಿದರು. ಕಡಿಮೆ ಅಂಕ ಪಡೆದ ಶಿಶುಗಳಲ್ಲಿ ಆಮ್ಲಜನಕ ಕಡಿಮೆ, ಆಮ್ಲ ಹೆಚ್ಚು ಎಂಬುದು ಕಂಡುಬಂತು. ಉಸಿರಿಲ್ಲದ ಸ್ಥಿತಿ ಹುಟ್ಟಿನೊಡನೆ ಬಂದ ಸಹಜ ಸಂಗತಿಯಲ್ಲ, ತಕ್ಷಣ ಸರಿಪಡಿಸಬೇಕಾದ ಅಪಾಯವೆಂಬುದು ಇದರಿಂದ ದೃಢಪಟ್ಟಿತು.

ಇನ್ನೊಂದು ಫಲಿತಾಂಶ ಅವರಿಗೇ ಕಹಿಯಾಗಿತ್ತು. ಹೆರಿಗೆಯಲ್ಲಿ ತಾಯಂದಿರಿಗೆ ಸೈಕ್ಲೋಪ್ರೊಪೇನ್ ಅನಿಲ ಕೊಟ್ಟಾಗ ಅದು ಮಾಸನ್ನು ದಾಟಿ ಮಗುವನ್ನೂ ಮಂಕುಗೊಳಿಸುತ್ತಿತ್ತು. ಬೆನ್ನಿನ ಮೂಲಕ ಅರಿವಳಿಕೆ ಪಡೆದ ತಾಯಂದಿರ ಮಕ್ಕಳು ಅವಕ್ಕಿಂತ ಚುರುಕಾಗಿದ್ದವು. ಸೈಕ್ಲೋಪ್ರೊಪೇನ್ ವರ್ಜೀನಿಯಾ ಅವರ ಅಚ್ಚುಮೆಚ್ಚಿನ ಅನಿಲ. ಅಂಕಿಅಂಶ ನೋಡಿದ ಮೇಲೆ ಹೆರಿಗೆಗೆ ಅದರ ಬಳಕೆಯನ್ನು ಕೈಬಿಟ್ಟರು. ಅಳತೆಗೋಲನ್ನು ರೂಪಿಸಿದವರು ಅದರಿಂದ ಮೊದಲು ತಮ್ಮನ್ನೇ ಅಳೆದುಕೊಂಡರು.

ಅಂಕಕ್ಕೆ ದಕ್ಕದ ಕಾಯಿಲೆ

ಅಪ್ಗಾರ್ ಅಂಕ ಎಲ್ಲವನ್ನೂ ಗೆಲ್ಲಲಿಲ್ಲ. ತಿಂಗಳು ತುಂಬುವ ಮೊದಲೇ ಹುಟ್ಟಿದ ಎಷ್ಟೋ ಮಕ್ಕಳು ಮೊದಲ ನಿಮಿಷಗಳಲ್ಲಿ ಅತ್ತು, ಕೆಲವು ಗಂಟೆಗಳ ಬಳಿಕ ಏದುಸಿರುಬಿಟ್ಟು ಸಾಯುತ್ತಿದ್ದವು. 1959ರಲ್ಲಿ ಮೇರಿ ಎಲೆನ್ ಏವರಿ ಮತ್ತು ಜೆರೆ ಮೀಡ್ ಇದರ ಕಾರಣ ಸರ್ಫ್ಯಾಕ್ಟೆಂಟಿನ ಕೊರತೆಯೆಂದು ತೋರಿಸಿದರು. ಕಾರಣ ತಿಳಿದರೂ ಔಷಧವಿರಲಿಲ್ಲ. 1963ರ ಆಗಸ್ಟಿನಲ್ಲಿ ಅಧ್ಯಕ್ಷ ಜಾನ್ ಕೆನಡಿ ಅವರ ಮಗ ಪ್ಯಾಟ್ರಿಕ್ ಐದೂವರೆ ವಾರ ಮೊದಲೇ ಹುಟ್ಟಿ 39 ಗಂಟೆಗಳಲ್ಲಿ ಇದೇ ಕಾಯಿಲೆಯಿಂದ ತೀರಿಕೊಂಡ. ದೇಶದ ಅತ್ಯುನ್ನತ ವೈದ್ಯಕೀಯವೂ ಅಸಹಾಯಕವಾಗಿತ್ತು.

ಅವಧಿಗೆ ಮುನ್ನ ಹೆರಿಗೆಯಾಗುವ ಸಂಭವವಿರುವ ತಾಯಿಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟರೆ ಮಗುವಿನ ಶ್ವಾಸಕೋಶ ಬೇಗ ಪಕ್ವವಾಗುತ್ತದೆಂದು ನ್ಯೂಜಿಲೆಂಡಿನ ಲಿಗ್ಗಿನ್ಸ್ ಮತ್ತು ಹೋವಿ 1972ರಲ್ಲಿ ಪ್ರಕಟಿಸಿದರು. ಸರ್ಫ್ಯಾಕ್ಟೆಂಟನ್ನೇ ಶಿಶುವಿನ ಶ್ವಾಸನಾಳಕ್ಕೆ ಹಾಕಿ ಜಪಾನಿನ ಫುಜಿವಾರಾ ಯಶಸ್ಸು ಕಂಡದ್ದು 1980ರಲ್ಲಿ. ಅದನ್ನು ನೋಡಲು ವರ್ಜೀನಿಯಾ ಬದುಕಿರಲಿಲ್ಲ.

ಅಷ್ಟರಲ್ಲಿ ಅವರ ದಾರಿಯೂ ಬದಲಾಗಿತ್ತು. 1959ರಲ್ಲಿ, 50ನೆಯ ವಯಸ್ಸಿನಲ್ಲಿ, ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಿಂದ ಸಾರ್ವಜನಿಕ ಆರೋಗ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದು ‘ಮಾರ್ಚ್ ಆಫ್ ಡೈಮ್ಸ್’ ಸಂಸ್ಥೆಯನ್ನು ಸೇರಿದರು. ಹುಟ್ಟಿನಿಂದ ಬರುವ ನ್ಯೂನತೆಗಳ ವಿಭಾಗದ ಹೊಣೆ ಅವರದಾಯಿತು. ಅಂಥ ಮಕ್ಕಳನ್ನು ಮರೆಮಾಚುವ ರೂಢಿಯಿದ್ದ ಕಾಲದಲ್ಲಿ ಊರೂರು ಸುತ್ತಿ ತಂದೆತಾಯಿಗಳೊಡನೆ ಬಿಚ್ಚುಮನಸ್ಸಿನಿಂದ ಮಾತಾಡಿದರು. 1964-65ರ ರುಬೆಲ್ಲಾ ಪಿಡುಗಿನಲ್ಲಿ ಅಮೆರಿಕದ ಸುಮಾರು 20,000 ಶಿಶುಗಳು ಗರ್ಭದಲ್ಲೇ ಸೋಂಕಿನ ಹೊಡೆತಕ್ಕೆ ಸಿಕ್ಕಿ ಹುಟ್ಟಿದಾಗ ಲಸಿಕೆಯ ಪರವಾಗಿ ದನಿಯೆತ್ತಿದರು. 1972ರಲ್ಲಿ ಜೋನ್ ಬೆಕ್ ಅವರೊಡಗೂಡಿ ಹೆತ್ತವರಿಗಾಗಿ ಪುಸ್ತಕವನ್ನೂ ಬರೆದರು.

ಪಿಟೀಲು ಮತ್ತು ದೂರವಾಣಿ ಗೂಡು

ಇಷ್ಟರ ನಡುವೆ ಅವರ ಪಿಟೀಲು ಮೂಲೆ ಸೇರಲಿಲ್ಲ. 1956ರಲ್ಲಿ ಶಸ್ತ್ರಚಿಕಿತ್ಸೆಗೆ ಬಂದ ಕಾರ್ಲೀನ್ ಹಚಿನ್ಸ್ ಎಂಬ ಶಿಕ್ಷಕಿ ವಾದ್ಯ ತಯಾರಿಕೆಯಲ್ಲಿ ನಿಪುಣೆ. ರೋಗಿಯ ಬಳಿ ವೈದ್ಯೆ ವಿದ್ಯೆ ಕಲಿತರು. ಆಸ್ಪತ್ರೆಯ ಸಾರ್ವಜನಿಕ ದೂರವಾಣಿ ಗೂಡಿನ ಮರದ ಹಲಗೆ ವಯೋಲಾ ವಾದ್ಯದ ಬೆನ್ನಿಗೆ ಹೇಳಿ ಮಾಡಿಸಿದಂತಿದೆಯೆಂದು ಕಾರ್ಲೀನ್ ಗುರುತಿಸಿದರಂತೆ. ಆಸ್ಪತ್ರೆ ಒಪ್ಪಲಿಲ್ಲ. ಇಬ್ಬರೂ ರಾತ್ರಿ ವೇಳೆ ಬದಲಿ ಹಲಗೆಯೊಡನೆ ಹೋಗಿ, ಒಬ್ಬರು ಕಾವಲು ನಿಂತು, ಇನ್ನೊಬ್ಬರು ಹಲಗೆ ಬದಲಿಸಿದ ಕಥೆ ಸಂಗೀತ ವಲಯದಲ್ಲೂ ಪ್ರಸಿದ್ಧ. ಪಿಟೀಲು, ಮೆಝೋ ವಯೋಲಿನ್, ವಯೋಲಾ, ಚೆಲ್ಲೋ. ಹೀಗೆ ನಾಲ್ಕು ವಾದ್ಯಗಳು ವರ್ಜೀನಿಯಾ ಅವರ ಕೈಯಲ್ಲಿ ರೂಪುಗೊಂಡವು.

ಅವರ ಕೈಚೀಲದಲ್ಲಿ ಶ್ವಾಸನಾಳಕ್ಕೆ ತೂರಿಸುವ ಕೊಳವೆ, ಪುಟ್ಟ ಚಾಕು ಸದಾ ಇರುತ್ತಿದ್ದವು. ಎಲ್ಲೇ ಆಗಲಿ, ತಮ್ಮ ಕಣ್ಣೆದುರು ಯಾರ ಉಸಿರೂ ನಿಲ್ಲಬಾರದೆಂಬ ಹಟ. ಐವತ್ತು ದಾಟಿದ ಮೇಲೆ ವಿಮಾನ ಹಾರಿಸಲು ಕಲಿತರು. ಮದುವೆಯಾಗಲಿಲ್ಲ, ನಿವೃತ್ತಿಯನ್ನೂ ಪಡೆಯಲಿಲ್ಲ. ಯಕೃತ್ತಿನ ಕಾಯಿಲೆಯಿಂದ ಬಳಲಿ 1974ರ ಆಗಸ್ಟ್ 7ರಂದು, 65ನೆಯ ವಯಸ್ಸಿನಲ್ಲಿ, ತಾವು ಓದಿ ದುಡಿದ ಕೊಲಂಬಿಯಾ ವೈದ್ಯಕೀಯ ಕೇಂದ್ರದಲ್ಲೇ ಕಣ್ಮುಚ್ಚಿದರು. 1994ರಲ್ಲಿ ಅಮೆರಿಕದ ಅಂಚೆ ಇಲಾಖೆ ಅವರ ಚಿತ್ರದ 20 ಸೆಂಟಿನ ಅಂಚೆಚೀಟಿ ಹೊರತಂದಾಗ ನಡೆದ ಸಮಾರಂಭದಲ್ಲಿ ಅವರು ಕೈಯಾರೆ ಮಾಡಿದ ವಾದ್ಯಗಳನ್ನು ನುಡಿಸಲಾಯಿತು.

ಅಂಕವಲ್ಲ, ನೋಟ

ಅರ್ಧ ಶತಮಾನದ ಬಳಿಕ ಈ ಅಂಕಕ್ಕೆ ಇನ್ನೂ ಬೆಲೆಯಿದೆಯೇ ಎಂಬ ಪ್ರಶ್ನೆ ಎದ್ದಿತ್ತು. ಅಮೆರಿಕದ ಡಲ್ಲಾಸ್ ನಗರದಲ್ಲಿ 1988ರಿಂದ 1998ರವರೆಗೆ ಹುಟ್ಟಿದ 1,51,891 ಶಿಶುಗಳ ಅಧ್ಯಯನ 2001ರಲ್ಲಿ ಪ್ರಕಟವಾಯಿತು. ದಿನ ತುಂಬಿ ಹುಟ್ಟಿ, ಐದನೆಯ ನಿಮಿಷದಲ್ಲಿ 7ರಿಂದ 10 ಅಂಕ ಪಡೆದ ಶಿಶುಗಳಲ್ಲಿ ಸಾವಿರಕ್ಕೆ 0.2 ಸಾವು, 3 ಅಥವಾ ಅದಕ್ಕಿಂತ ಕಡಿಮೆ ಪಡೆದವುಗಳಲ್ಲಿ ಸಾವಿರಕ್ಕೆ 244. ರಕ್ತದ ಆಮ್ಲೀಯತೆಯ ಪರೀಕ್ಷೆಗಿಂತಲೂ ಈ ಸರಳ ಅಂಕವೇ ಹೆಚ್ಚು ಖಚಿತವೆನಿಸಿತು.

ಹಾಗೆಂದು ಅದು ಮಗುವಿನ ಭವಿಷ್ಯವಾಣಿಯಲ್ಲ. ಬುದ್ಧಿಶಕ್ತಿಗೂ ಅದಕ್ಕೂ ಗಂಟುಹಾಕಬಾರದೆಂದು ತಜ್ಞರು ಪದೇಪದೇ ಎಚ್ಚರಿಸಿದ್ದಾರೆ. ಉಸಿರಾಡದ ಮಗುವಿಗೆ ನೆರವಾಗಲು ಒಂದು ನಿಮಿಷದ ಅಂಕಕ್ಕಾಗಿ ಕಾಯುವುದನ್ನೂ ಇಂದಿನ ವೈದ್ಯಕೀಯ ಒಪ್ಪುವುದಿಲ್ಲ. ಆ ನಿಮಿಷದೊಳಗೇ ಚೀಲ-ಮುಖವಾಡದಿಂದ ಗಾಳಿ ಕೊಡಲು ಆರಂಭಿಸಿರಬೇಕು.

ಆ ಪಾಠ ನಮ್ಮ ನೆಲಕ್ಕೂ ಬಂದಿದೆ. ಮಗು ಉಸಿರಾಡುತ್ತಿದೆಯೇ ಎಂದು ನೋಡಿ, ಒರೆಸಿ, ಬೇಕಾದರೆ ಗಾಳಿ ಕೊಡುವ ಸರಳ ತರಬೇತಿಯನ್ನು ಬೆಳಗಾವಿ ಸೀಮೆಯ ಗ್ರಾಮೀಣ ಹೆರಿಗೆ ಕೇಂದ್ರಗಳ ಸಿಬ್ಬಂದಿಗೆ ನೀಡಲಾಯಿತು. ತರಬೇತಿಯ ಮುನ್ನ ಶೇ 3.0ರಷ್ಟಿದ್ದ ಸತ್ತು ಹುಟ್ಟುವ ಶಿಶುಗಳ ಪ್ರಮಾಣ ಆನಂತರ ಶೇ 2.3ಕ್ಕೆ ಇಳಿಯಿತೆಂದು 2013ರಲ್ಲಿ ವರದಿಯಾಯಿತು. ಸತ್ತೇ ಹುಟ್ಟಿದವೆಂದು ಲೆಕ್ಕಕ್ಕೆ ಸೇರುತ್ತಿದ್ದ ಕೆಲವು ಶಿಶುಗಳು ನಿಜಕ್ಕೂ ಉಸಿರಿಗಾಗಿ ಕಾಯುತ್ತಿದ್ದವು ಎಂಬುದು ಇದರ ಅರ್ಥ.

ಶಸ್ತ್ರಚಿಕಿತ್ಸೆಯ ಬಾಗಿಲು ಮುಚ್ಚಿದಾಗ, ಕಟ್ಟಿದ ಇಲಾಖೆಯ ಕುರ್ಚಿ ತಪ್ಪಿದಾಗ, ವರ್ಜೀನಿಯಾ ಅಪ್ಗಾರ್ ಯಾರೂ ಗಮನಿಸದ ಮೂಲೆಯತ್ತ ನಡೆದರು. ಅಲ್ಲಿ ಮಲಗಿದ್ದ ಕೂಸನ್ನು ನೋಡಿದರು. ಉಳಿದವರೂ ನೋಡುವಂತೆ ಮಾಡಿದರು. ಬಿಡುಗಡೆ ಪತ್ರದ ಆ ಎರಡು ಅಂಕಿಗಳು ಮಗುವಿನ ಮೊದಲ ಪರೀಕ್ಷೆಯ ಫಲಿತಾಂಶವೆಂದು ತಮಾಷೆಯಾಗಿ ಹೇಳುವುದುಂಟು. ಅದಕ್ಕಿಂತ ಮಿಗಿಲಾಗಿ ಅವು, ಮಗುವಿನ ಮೊದಲ ನಿಮಿಷದಲ್ಲಿ ಯಾರೋ ಒಬ್ಬರು ಅದರ ಪಕ್ಕದಲ್ಲಿದ್ದರು ಎಂಬುದರ ಪುರಾವೆ.